ಪದಚರ್ಚೆ: ಪೂರಕ, ಪರಿಪೂರಕ, ಸರಳಯುಗ್ಮ – 180ರ ಜೋಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಒಂದು ಬಳಕೆಯ ಪ್ರಶ್ನೆ. ಎರಡು ಕೋನಗಳು ಕೂಡಿ 90° ಆದರೆ ಅವು ‘ಪೂರಕ ಕೋನಗಳು’. ಕೂಡಿ 180° ಆದರೆ ‘ಪರಿಪೂರಕ ಕೋನಗಳು’. ನಮ್ಮ ಶಾಲಾ ಪುಸ್ತಕಗಳು ಹೇಳುವುದು ಹೀಗೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಮೊದಲನೆಯದಕ್ಕೆ ಕಾಂಪ್ಲಿಮೆಂಟರಿ, ಎರಡನೆಯದಕ್ಕೆ ಸಪ್ಲಿಮೆಂಟರಿ ಅನ್ನುತ್ತಾರೆ. ಪುಸ್ತಕದೊಳಗೆ ಇದರಲ್ಲಿ ಗೊಂದಲವಿಲ್ಲ. ಪುಸ್ತಕ ಮುಚ್ಚಿದ ಮೇಲೆ ಶುರುವಾಗುತ್ತದೆ.

ನಾನು ಬೆಂಗಳೂರಿನ ಹನುಮಂತನಗರದ ಕಡೆ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕನ್ನಡ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಒಟ್ಟಿಗೆ ಕೂರುತ್ತಾರೆ. ಮನೆಮಾತಂತೂ ಕೇಳಲೇಬೇಡಿ: ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು, ಎಲ್ಲ ಇದೆ. ಹಾಗಾಗಿ ಲೆಕ್ಕದ ಹಾಳೆಯನ್ನು ಎರಡೂ ಭಾಷೆಯಲ್ಲಿ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಇಂಗ್ಲಿಷ್ ಲೆಕ್ಕವನ್ನು ಕನ್ನಡದಲ್ಲಿ ಬರೆಯುವಾಗಲೆಲ್ಲ ಈ ಪದದ ಹತ್ತಿರ ಬಂದು ಪೆನ್ನು ನಿಲ್ಲುತ್ತದೆ.

ಕಾರಣ ಇದು. ಸಪ್ಲಿಮೆಂಟರಿ ಅಂದರೆ ನಮ್ಮ ಕಡೆ ಯಾವ ಮನೆಯಲ್ಲಾದರೂ ಮೊದಲು ನೆನಪಾಗುವುದು ಪರೀಕ್ಷೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಫೇಲಾದವರು ಬರೆಯುತ್ತಿದ್ದ ಸಪ್ಲಿಮೆಂಟರಿಯನ್ನು ಪತ್ರಿಕೆಗಳು ‘ಪೂರಕ ಪರೀಕ್ಷೆ’ ಎಂದೇ ಬರೆಯುತ್ತಿದ್ದವು. 2024ರಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಹೆಸರು ಬಂತು. ಆದರೂ ಅಪ್ಪ ಅಮ್ಮಂದಿರ ಬಾಯಲ್ಲಿ ಹಳೆಯದೇ ಇದೆ. ವಿಧಾನಸಭೆಯಲ್ಲಿ ಮಂಡಿಸುವ ಸಪ್ಲಿಮೆಂಟರಿ ಎಸ್ಟಿಮೇಟ್ಸ್ ‘ಪೂರಕ ಅಂದಾಜು’. ಅಂಗನವಾಡಿಯಲ್ಲಿ ಕೊಡುವುದು ‘ಪೂರಕ ಪೌಷ್ಟಿಕ ಆಹಾರ’. ಅಲ್ಲೂ ಇಂಗ್ಲಿಷಿನಲ್ಲಿ ಸಪ್ಲಿಮೆಂಟರಿಯೇ. ಅಂದರೆ ಕನ್ನಡದಲ್ಲಿ ಸಪ್ಲಿಮೆಂಟರಿಗೆ ‘ಪೂರಕ’ ಎಂಬ ಪದ ಗಟ್ಟಿಯಾಗಿ ಕೂತುಬಿಟ್ಟಿದೆ. ಕೋನದ ಪಾಠಕ್ಕೆ ಬಂದ ಕೂಡಲೇ ಅದೇ ‘ಪೂರಕ’ ಪಕ್ಷ ಬದಲಿಸಿ ಕಾಂಪ್ಲಿಮೆಂಟರಿ ಆಗುತ್ತದೆ!

ಸಪ್ಲಿಮೆಂಟರಿ ಆ್ಯಂಗಲ್ಸ್ ಎಂದು ಓದಿದ ಹುಡುಗಿ ಕನ್ನಡದಲ್ಲಿ ‘ಪೂರಕ ಕೋನ’ ಎಂದು ಬರೆದರೆ ಅವಳು ನಡೆಯುತ್ತಿರುವುದು ಜನರ ಕನ್ನಡದ ದಾರಿಯಲ್ಲೇ. ಆದರೆ ಉತ್ತರ ತಪ್ಪು. ಅದೂ ಸುಮ್ನೆ ಒಂದು ಅಂಕ ಹೋಗುವ ತಪ್ಪಲ್ಲ, ಸಿಕ್ಕಿಬೀಳದ ತಪ್ಪು. ಒಂದು ಲೆಕ್ಕ ನೋಡಿ.

ಕಖಗ ಒಂದು ತ್ರಿಭುಜ. ಖಗ ಬಾಹುವನ್ನು ಗ ದಾಟಿ ಘ ತನಕ ಎಳೆದಿದೆ. ಹೊರಗಿನ ಕೋನ ಕಗಘ 72°. ಮೇಲಿನ ಕ ಕೋನ 40°. ಖ ಎಷ್ಟು?

ಗ ಬಿಂದುವಿನಲ್ಲಿ ಒಳಕೋನ, ಹೊರಕೋನ ಎರಡೂ ಒಂದೇ ಗೆರೆಯ ಮೇಲೆ ಕೂತಿವೆ. ಒಳಗಿನದು 180 − 72 = 108°. ಇನ್ನು ತ್ರಿಭುಜದ ಮೂರು ಕೋನಗಳ ಮೊತ್ತ 180°. 40ಕ್ಕೆ 108 ಸೇರಿಸಿದರೆ 148. ಉಳಿದದ್ದು 32°. ಖ ಸಿಕ್ಕಿತು.

ಈಗ ‘ಪೂರಕ’ ಎಂದು ಬರೆದುಕೊಂಡು 90ರಿಂದ ಕಳೆದವರ ಕಥೆ ಕೇಳಿ. ಒಳಕೋನ 90 − 72 = 18°. ಖ ಕೋನ 180 − 40 − 18 = 122°. ತಾಳೆ ನೋಡುತ್ತಾರೆ: 40 + 18 + 122 = 180. ಸರಿ ಬಂತು! ಬಂದೇ ಬರುತ್ತದೆ, 180ರಿಂದ ಕಳೆದೇ ತಾನೇ ಖ ತೆಗೆದದ್ದು. ಈ ತಪ್ಪು ಹಿಡಿಯಬೇಕಾದರೆ ಇನ್ನೊಂದು ಪ್ರಮೇಯಕ್ಕೆ ಹೋಗಬೇಕು. ಹೊರಕೋನವು ಅಂತರಾಭಿಮುಖ ಕೋನಗಳೆರಡರ (ಅದಕ್ಕೆ ತಾಗದ ಎರಡು ಒಳಕೋನಗಳ) ಮೊತ್ತಕ್ಕೆ ಸಮ. 40 + 32 = 72, ಸರಿ. 40 + 122 = 162, ಆಗಲಿಲ್ಲ. ನಾನು ಈಗ ಮಕ್ಕಳಿಗೆ ತಾಳೆಯನ್ನು ಹೊರಕೋನದಿಂದಲೇ ನೋಡಿ ಎನ್ನುತ್ತೇನೆ.

ಹೊರಕೋನ 118° ಎಂದು ಕೊಟ್ಟಿದ್ದರೆ ಬಚಾವು. 90ರಿಂದ 118 ಕಳೆಯಲು ಹೋಗಿ ಮಕ್ಕಳೇ ನಿಲ್ಲುತ್ತಾರೆ. ವಿಶಾಲಕೋನಕ್ಕೆ ಪೂರಕ ಕೋನವೇ ಇಲ್ಲ. ಲಘುಕೋನಕ್ಕೆ ಎರಡೂ ಉಂಟು, ಪರಿಪೂರಕವು ಪೂರಕಕ್ಕಿಂತ ಯಾವಾಗಲೂ ಸರಿಯಾಗಿ 90° ಜಾಸ್ತಿ.

‘ಒಂದು ಕೋನ ತನ್ನ ಪರಿಪೂರಕದ ಎರಡರಷ್ಟಿದೆ’ ಎಂಬ ಲೆಕ್ಕ ಇನ್ನೂ ಮೋಸದ್ದು. ಉತ್ತರ 120°. ‘ಪೂರಕದ’ ಎಂದು ಓದಿಕೊಂಡರೆ 60°. ಎರಡೂ ಅಂದವಾದ ಸಂಖ್ಯೆಗಳು, ಅನುಮಾನವೇ ಬರುವುದಿಲ್ಲ. (ಇದನ್ನೇ ‘ಎರಡು ಪಟ್ಟು ಹೆಚ್ಚು’ ಎಂದು ಬರೆಯುವವರೂ ಇದ್ದಾರೆ. ಅದನ್ನು ಮೂರರಷ್ಟು ಎಂದು ಓದಿದರೆ 135° ಬರುತ್ತದೆ. ‘ಎರಡರಷ್ಟು’ ಎಂದೇ ಬರೆಯಬೇಕು ಅನ್ನುವುದು ನನ್ನ ಹಟ. ಅದರ ಚರ್ಚೆ ಇನ್ನೊಮ್ಮೆ ಇಟ್ಟುಕೊಳ್ಳೋಣ.)

ಅಕ್ಕಪಕ್ಕದ ಭಾಷೆಗಳು ಏನು ಮಾಡಿವೆ? ಹಿಂದಿ, ತೆಲುಗು ಎರಡರಲ್ಲೂ 90ಕ್ಕೆ ಪೂರಕ, 180ಕ್ಕೆ ಸಂಪೂರಕ. ನಮ್ಮದೇ ದಾರಿ, ಉಪಸರ್ಗ ಮಾತ್ರ ಬೇರೆ. ತಮಿಳಿನಲ್ಲಿ 90ಕ್ಕೆ ನಿರಪ್ಪುಕ್ ಕೋಣಂ, 180ಕ್ಕೆ ಮಿಗೈನಿರಪ್ಪುಕ್ ಕೋಣಂ. ನಿರಪ್ಪು ಅಂದರೆ ತುಂಬು. ಹಳಗನ್ನಡದ ನೆಱೆ ಅದರ ನಂಟಿನ ಪದ. ಮಿಗೈ ನಮ್ಮ ‘ಮಿಗಿಲು’ ಬಳಗದ್ದು. ಮಿಗಿಲಾಗಿ ತುಂಬುವುದು 180, ಕೇಳಿದ ತಕ್ಷಣ ಯಾವುದು ದೊಡ್ಡದು ಎಂದು ತಿಳಿಯುತ್ತದೆ. ಮರಾಠಿಯಲ್ಲಿ ಮಾತ್ರ ಪೂರ್ತಿ ಅದಲುಬದಲು. ಅಲ್ಲಿ 90ಕ್ಕೆ ‘ಕೋಟಿಕೋನ’, 180ಕ್ಕೆ ‘ಪೂರಕ ಕೋನ’! ಬೆಳಗಾವಿ ಕಡೆ ಮರಾಠಿ ಮಾಧ್ಯಮದಲ್ಲಿ ಓದಿ ಬೆಂಗಳೂರಿಗೆ ಬಂದ ಮಗು ‘ಪೂರಕ’ ಎಂದು ಓದಿ 180ರಿಂದ ಕಳೆದರೆ ಅದನ್ನು ಬಯ್ಯುವ ಹಾಗೇ ಇಲ್ಲ.

ಮರಾಠಿಯ ‘ಕೋಟಿ’ ನನಗೆ ತುಂಬಾ ಇಷ್ಟವಾದ ಪದ. ನಮ್ಮ ಹಳೆಯ ಜ್ಯೋತಿಷ ಗಣಿತದಲ್ಲಿ ಸೈನಿಗೆ ಜ್ಯಾ, ಕೊಸೈನಿಗೆ ಕೋಟಿಜ್ಯಾ. ಕೋಟಿಜ್ಯಾ ಅಂದರೆ 90ಕ್ಕೆ ಉಳಿದ ಕೋನದ ಜ್ಯಾ. ಇಂಗ್ಲಿಷಿನ ಕೊಸೈನಿನಲ್ಲಿರುವ ‘ಕೊ’ ಕೂಡ ಕಾಂಪ್ಲಿಮೆಂಟಿನದೇ. ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 90° ಹೋದ ಮೇಲೆ ಉಳಿದ ಎರಡು ಕೂಡಿ 90° ಆಗಲೇಬೇಕು. ಹಾಗಾಗಿ ಅವು ಪರಸ್ಪರ ಪೂರಕ. ಅದಕ್ಕೇ ಒಂದರ ಸೈನು ಇನ್ನೊಂದರ ಕೊಸೈನು. ತ್ರಿಕೋನಮಿತಿಯ ಈ ನಂಟು ಕೋಟಿಕೋನ ಅಂದರೆ ತಾನಾಗಿ ಹೊಳೆಯುತ್ತದೆ. 90ರ ಜೋಡಿಯನ್ನು ‘ಕೋಟಿಕೋನ’ ಮಾಡಿಬಿಟ್ಟಿದ್ದರೆ ‘ಪೂರಕ’ ಆರಾಮಾಗಿ 180ರ ಪಾಲಿಗೆ ಬರುತ್ತಿತ್ತು, ಅಲ್ವಾ? ಈಗ ಬದಲಿಸಲು ಹೊರಟರೆ ಇನ್ನಷ್ಟು ರಾದ್ಧಾಂತ. ಅದು ಬೇಡ.

‘ಪರಿ’ ಬಗ್ಗೆಯೂ ಒಂದು ಮಾತು. ಪರಿಧಿ, ಪರಿಭ್ರಮಣ, ಪರಿಸರ, ಎಲ್ಲ ಕಡೆ ‘ಪರಿ’ ಅಂದರೆ ಸುತ್ತಲೂ. ಆ ಲೆಕ್ಕದಲ್ಲಿ ಪರಿಪೂರಕ ಅಂದರೆ ಸುತ್ತಲೂ ತುಂಬುವಂಥದ್ದು, 360° ಆಗಬೇಕಿತ್ತು. ಜಾಣ ಮಗು ಹಾಗೆ ಕೇಳಿದರೆ ಏನು ಹೇಳುವುದು? ‘ಪರಿಪೂರ್ಣ’ದಲ್ಲಿ ಇರುವಂತೆ ‘ಚೆನ್ನಾಗಿ, ಪೂರ್ತಿಯಾಗಿ’ ಎಂಬ ಅರ್ಥ ಹೇಳಬಹುದು. ಆದರೆ ಪೂರ್ತಿ ಅಂದರೆ 180 ಯಾಕೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಾನು ವ್ಯುತ್ಪತ್ತಿಗೆ ಕೈ ಹಾಕದೆ ಅಕ್ಷರ ಎಣಿಸಿ ಎನ್ನುತ್ತೇನೆ. ಪೂರಕ ಮೂರು ಅಕ್ಷರ, ಪರಿಪೂರಕ ಐದು. ಉದ್ದ ಪದಕ್ಕೆ ದೊಡ್ಡ ಮೊತ್ತ. ವಿದ್ವತ್ತೇನಿಲ್ಲ, ಆದರೆ ಕೆಲಸ ಮಾಡುತ್ತದೆ.

ಇನ್ನು ‘ಸರಳಯುಗ್ಮ’. ಮೇಲಿನ ತ್ರಿಭುಜದ ಲೆಕ್ಕದಲ್ಲಿ ಕಾರಣ ಬರೆಯುವಾಗ ಕೆಲವರು ‘ಪರಿಪೂರಕ ಕೋನಗಳು’ ಎಂದು ಬರೆಯುತ್ತಾರೆ, ಕೆಲವರು ‘ಸರಳಯುಗ್ಮ’ ಎಂದು. ಎರಡೂ ಒಂದೇ ಅಲ್ಲ. ಒಂದೇ ಶೃಂಗ, ನಡುವೆ ಒಂದೇ ಬಾಹು, ಹೊರಗಿನ ಎರಡು ಬಾಹು ಸೇರಿ ಒಂದು ಸರಳರೇಖೆ, ಇದು ಸರಳಯುಗ್ಮ. ಪರಿಪೂರಕಕ್ಕೆ ಅಂಥ ಷರತ್ತಿಲ್ಲ. ಒಂದು ಕೋನ ಜಯನಗರದಲ್ಲಿರಲಿ, ಇನ್ನೊಂದು ಮಲ್ಲೇಶ್ವರದಲ್ಲಿರಲಿ, ಕೂಡಿ 180° ಆದರೆ ಸಾಕು. ಚಕ್ರೀಯ ಚತುರ್ಭುಜದ (ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿರುವಂಥದ್ದು) ಎದುರು ಬದುರು ಕೋನಗಳು ಪರಿಪೂರಕ, ಆದರೆ ಅವು ಒಂದನ್ನೊಂದು ಮುಟ್ಟುವುದೇ ಇಲ್ಲ. ಆದ್ದರಿಂದ ಗೆರೆಯ ಮೇಲಿನ ಜೋಡಿಗೆ ಕಾರಣ ‘ಸರಳಯುಗ್ಮ’. ಪರಿಪೂರಕ ಆಗುವುದು ಅದರ ಫಲ. ನನ್ನ ಅಭಿಪ್ರಾಯದಲ್ಲಿ ಹೀಗೆ ಬರೆಸಿದರೆ 90–180ರ ಗೊಂದಲವೂ ಅರ್ಧ ಕಡಿಮೆಯಾಗುತ್ತದೆ. ‘ಸರಳ’ ಎಂಬ ಮಾತಿನಲ್ಲೇ ಗೆರೆ ಕಾಣುತ್ತದಲ್ಲ. ಅದಕ್ಕೂ ಒಂದು ತೊಡಕಿದೆ ಅನ್ನಿ. ಅದೇ ಗಣಿತ ಪುಸ್ತಕದಲ್ಲಿ ‘ಸರಳಬಡ್ಡಿ’ ಬರುತ್ತದೆ, ಅಲ್ಲಿ ಸರಳ ಅಂದರೆ ಗೆರೆಯಲ್ಲ, ಜಟಿಲವಲ್ಲದ್ದು. ‘ಸರಳಯುಗ್ಮ ಅಂದ್ರೆ ಸುಲಭದ ಜೋಡಿನಾ ಸರ್?’ ಎಂದು ಕೇಳಿಸಿಕೊಂಡಿದ್ದೇನೆ.

ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ನಿಮ್ಮಲ್ಲಿ ಪಾಠ ಮಾಡುವವರು, ಅನುವಾದ ಮಾಡುವವರು ಇದ್ದೀರಿ. ಸಾಮಾನ್ಯ ಬರಹದಲ್ಲಿ ಸಪ್ಲಿಮೆಂಟರಿಗೆ ‘ಪೂರಕ’ ಬಳಸಿ, ಗಣಿತದಲ್ಲಿ ‘ಪರಿಪೂರಕ’ ಬಳಸುವಾಗ ನೀವು ಓದುಗರಿಗೆ ಏನಾದರೂ ಸುಳಿವು ಕೊಡುತ್ತೀರಾ? ನಾನು ಸದ್ಯಕ್ಕೆ ಸಂಖ್ಯೆಯನ್ನೂ ಸೇರಿಸಿ ‘ಪರಿಪೂರಕ (ಮೊತ್ತ 180°)’ ಎಂದು ಪ್ರತಿ ಸಲ ಬರೆಯುತ್ತಿದ್ದೇನೆ. ಓದಲು ಸ್ವಲ್ಪ ಒರಟು.

ಎರಡನೆಯದು, ‘ತ್ರಿಭುಜದ ಮೂರು ಕೋನಗಳು ಪರಿಪೂರಕ’ ಎಂದು ಒಂದು ಉತ್ತರಪತ್ರಿಕೆಯಲ್ಲಿ ಬಂತು. ಮೊತ್ತ 180° ಆಗುವುದೇನೋ ನಿಜ. ಆದರೆ ಪದದ ವ್ಯಾಖ್ಯೆ ಎರಡು ಕೋನಗಳಿಗೆ ಮಾತ್ರ. ನಾನು ತಿದ್ದಿದೆ. ನೀವಾಗಿದ್ದರೆ ಬಿಡುತ್ತಿದ್ದಿರಾ?

ಹಾಗೇ, ಹಳೇ ಮೈಸೂರು ಕಾಲದ ಕನ್ನಡ ಗಣಿತ ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, 180ರ ಜೋಡಿಯನ್ನು ಅಲ್ಲಿ ಏನೆಂದು ಕರೆದಿದ್ದಾರೆ ನೋಡಿ. ಪುಟದ ಫೋಟೋ ಕಳಿಸಿದರೆ ಉಪಕಾರ.