ಸಾಫ್ಟ್‌ವೇರ್‌ನಿಂದ ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಇಳಿಸೋದು: ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಒಂದೇ ದಾರಿ ಇದೆಯಾ?

ಸಂಜೆಬೆಳಕು:
ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೆಲಸ ಇಷ್ಟೇ, ಸಂಜೆ ಆದ ಮೇಲೆ ಪರದೆಯ ಬೆಳಕು ತಾನಾಗೇ ನಿಧಾನಕ್ಕೆ ಇಳಿಯಬೇಕು, ಬೆಳಿಗ್ಗೆ ಮತ್ತೆ ಏರಬೇಕು. ನನ್ನ ಹತ್ತಿರ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇದೆ. ಗೆಳೆಯನದು ಮ್ಯಾಕ್. ಮೂರರಲ್ಲೂ ಓಡಬೇಕು ಅನ್ನೋದು ಆಸೆ.

ಲಿನಕ್ಸ್‌ನಲ್ಲಿ ಪರದೆಯ ಸೆಟ್ಟಿಂಗ್ ಬದಲಿಸೋ ಎಕ್ಸ್‌ರಾಂಡರ್ ಕಮಾಂಡಿಗೆ ಬ್ರೈಟ್‌ನೆಸ್ 0.5 ಅಂತ ಕೊಟ್ಟೆ. ಪರದೆ ಮಬ್ಬಾಯಿತು, ಖುಷಿಯಾಯಿತು. ಆಮೇಲೆ ದೀಪ ಆರಿಸಿ ನೋಡಿದರೆ ಬಿಳಿ ಇದ್ದದ್ದು ಬೂದು ಬಣ್ಣ ಆಗಿದೆ, ಕಪ್ಪು ಜಾಗ ಮಾತ್ರ ಮೊದಲಿನಷ್ಟೇ ಮಂಕಾಗಿ ಹೊಳೆಯುತ್ತಿದೆ. ಬ್ಯಾಟರಿಯೂ ಉಳಿಯಲಿಲ್ಲ. ಕೀಬೋರ್ಡಿನ ಬ್ರೈಟ್‌ನೆಸ್ ಕೀ ಒತ್ತಿದರೆ ಸರಿಯಾಗಿ ಇಳಿಯುತ್ತದೆ. ಆ ಕೀ ಮಾಡೋ ಕೆಲಸ ನನ್ನ ಕೋಡಿಗೆ ಯಾಕೆ ಆಗುತ್ತಿಲ್ಲ?

ಟರ್ಮಿನಲ್‌ಪ್ರಿಯ:
ಎಕ್ಸ್‌ರಾಂಡರ್ ನಿಮ್ಮ ಪರದೆಯ ದೀಪವನ್ನ ಮುಟ್ಟೋದೇ ಇಲ್ಲ. ಎಲ್‌ಸಿಡಿ ಪರದೆಯ ಹಿಂದೆ ಬ್ಯಾಕ್‌ಲೈಟ್ ಅಂತ ಒಂದು ದೀಪ ಇದೆ, ಅದು ಮೊದಲಿನಷ್ಟೇ ಉರಿಯುತ್ತಿದೆ. ನೀವು ಮಾಡಿದ್ದು ಗಾಮಾ ಟೇಬಲ್ ಬದಲಿಸಿ ಪಿಕ್ಸೆಲ್‌ಗಳಿಗೆ ಹೋಗೋ ಅಂಕಿಗಳನ್ನ ಅರ್ಧ ಮಾಡಿದ್ದು. ಬ್ಯಾಟರಿ ಎಲ್ಲಿಂದ ಉಳಿಯಬೇಕು? (ಓಎಲ್‌ಇಡಿ ಪರದೆ ಇದ್ದಿದ್ದರೆ ಕತೆ ಬೇರೆ, ಅಲ್ಲಿ ಹಿಂದೆ ದೀಪವೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತೆ.) ನಾಳೆ ನೀವು ವೇಲ್ಯಾಂಡ್‌ಗೆ (ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಕಳಿಸೋ ಹೊಸ ವ್ಯವಸ್ಥೆ) ಹೋದರೆ ಎಕ್ಸ್‌ರಾಂಡರ್ ಆಟ ಅಷ್ಟೂ ನಡೆಯಲ್ಲ.

ನಿಜವಾದ ಗುಂಡಿ ಇರೋದು /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ. ಒಳಗೆ ಡ್ರೈವರಿನ ಹೆಸರಲ್ಲಿ ಇನ್ನೊಂದು ಫೋಲ್ಡರ್ ಇರುತ್ತೆ, ಇಂಟೆಲ್ ಗ್ರಾಫಿಕ್ಸ್ ಆದರೆ ಸಾಮಾನ್ಯವಾಗಿ ಇಂಟೆಲ್-ಬ್ಯಾಕ್‌ಲೈಟ್. ಅದರಲ್ಲಿ ಈಗಿನ ಬೆಳಕಿಗೆ ಒಂದು ಫೈಲು, ಗರಿಷ್ಠಕ್ಕೆ ಒಂದು ಫೈಲು. ಗರಿಷ್ಠ ಎಲ್ಲಾ ಕಡೆ 100 ಅಂದುಕೊಳ್ಳಬೇಡಿ, ಒಂದು ಮಶೀನಲ್ಲಿ 255 ಇದ್ದರೆ ಇನ್ನೊಂದರಲ್ಲಿ ಸಾವಿರಗಟ್ಟಲೆ ಇರುತ್ತೆ. ಮೊದಲು ಅದನ್ನ ಓದಿ, ಆಮೇಲೆ ಶೇಕಡಾ ಲೆಕ್ಕ ಹಾಕಿ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಫೋಲ್ಡರ್ ಇರಬಹುದು. ಒಂದರಲ್ಲಿ ಅಂಕಿ ಬದಲಾಗುತ್ತೆ, ಪರದೆ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಆಗ ಇನ್ನೊಂದನ್ನ ನೋಡಿ.

ಆ ಫೈಲಿಗೆ ಬರೆಯೋಕೆ ರೂಟ್, ಅಂದರೆ ಅಡ್ಮಿನ್ ಅಧಿಕಾರ ಬೇಕು. ಹಾಗಂತ ನಿಮ್ಮ ಇಡೀ ಪ್ರೋಗ್ರಾಮನ್ನ ಸುಡೋ ಹಾಕಿ ಆ ಅಧಿಕಾರದಲ್ಲೇ ಓಡಿಸಬೇಡಿ ದಯವಿಟ್ಟು. ಲಿನಕ್ಸ್‌ನ ಹಿನ್ನೆಲೆ ಕೆಲಸಗಳನ್ನ ನೋಡಿಕೊಳ್ಳೋ ಸಿಸ್ಟಮ್‌ಡಿಯ 243ನೇ ಆವೃತ್ತಿಯಿಂದ, ಅದರ ಲಾಗಿನ್ ಭಾಗವಾದ ಲಾಗಿನ್‌ಡಿ ಒಳಗೇ 'ಸೆಟ್‌ಬ್ರೈಟ್‌ನೆಸ್' ಅನ್ನೋ ಡಿ-ಬಸ್ ಮೆಥಡ್ (ಬೇರೆ ಪ್ರೋಗ್ರಾಂಗಳು ಕರೆಯಬಹುದಾದ ಆಜ್ಞೆ) ಇದೆ. 'ಬ್ಯಾಕ್‌ಲೈಟ್' ಅನ್ನೋ ಪದ, ಫೋಲ್ಡರಿನ ಹೆಸರು, ಬೇಕಾದ ಅಂಕಿ, ಈ ಮೂರು ಕೊಟ್ಟರೆ ಸಾಕು. ಲಾಗಿನ್ ಆಗಿ ಪರದೆ ಮುಂದೆ ಕೂತಿರೋ ಯೂಸರ್‌ಗೆ ಪಾಸ್‌ವರ್ಡ್ ಕೇಳಲ್ಲ. ಕೋಡ್ ಬರೆಯೋಕೆ ಬೇಜಾರಾದರೆ ಬ್ರೈಟ್‌ನೆಸ್‌ಸಿಟಿಎಲ್ ಅನ್ನೋ ಟೂಲ್ ಹಾಕಿಕೊಳ್ಳಿ.

ಹಳೇಕಿಟಕಿ:
ವಿಂಡೋಸ್ ಕಡೆಯಿಂದ ನಾನು. ಅಲ್ಲಿ ಲ್ಯಾಪ್‌ಟಾಪಿನ ಸ್ವಂತ ಪರದೆಗೆ ಡಬ್ಲ್ಯೂಎಂಐ (ಯಂತ್ರದ ಸೆಟ್ಟಿಂಗ್ ಓದೋಕೆ, ಬದಲಿಸೋಕೆ ವಿಂಡೋಸ್‌ನಲ್ಲೇ ಇರೋ ವ್ಯವಸ್ಥೆ) ಸಾಕು, ಅದರೊಳಗಿನ ಡಬ್ಲ್ಯೂಎಂಐ-ಸೆಟ್-ಬ್ರೈಟ್‌ನೆಸ್ ಮೆಥಡ್‌ಗೆ 0ರಿಂದ 100ರ ಒಳಗೆ ಅಂಕಿ ಕೊಡಿ, ವಿಂಡೋಸ್‌ನ ಕಮಾಂಡ್ ಕಿಟಕಿ ಪವರ್‌ಶೆಲ್‌ನಿಂದ ಒಂದೇ ಸಾಲಲ್ಲಿ ಮುಗಿಯುತ್ತೆ.

ತಕರಾರು ಶುರುವಾಗೋದು ಹೊರಗಿನ ಮಾನಿಟರ್ ಸಿಕ್ಕಿಸಿದಾಗ. ಅದರ ಜೊತೆ ಈ ದಾರಿಯಲ್ಲಿ ಮಾತಾಡೋಕೆ ಆಗಲ್ಲ, ಅದಕ್ಕೆ ಡಿಡಿಸಿ/ಸಿಐ ಅನ್ನೋ ಬೇರೆ ಭಾಷೆ, ಕೇಬಲ್ ಮೂಲಕವೇ ಮಾನಿಟರಿಗೆ ಹೋಗೋದು. ವಿಂಡೋಸ್‌ನಲ್ಲಿ ಸೆಟ್‌ಮಾನಿಟರ್‌ಬ್ರೈಟ್‌ನೆಸ್ ಫಂಕ್ಷನ್, ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್. ಕೆಲಸ ಮಾಡದಿದ್ದರೆ ಮೊದಲು ಮಾನಿಟರಿನ ಮೆನುವಿನಲ್ಲೇ ಡಿಡಿಸಿ ಆಫ್ ಆಗಿದೆಯಾ ನೋಡಿ, ನಾನು ಇದನ್ನ ನೋಡದೆ ಒಂದು ಭಾನುವಾರ ಪೂರ್ತಿ ಕಳೆದುಕೊಂಡೆ.

ಇನ್ನೊಂದು ಮಾತು. ಈ ಡಿಡಿಸಿ ನಿಧಾನ. ಒಂದೊಂದು ಆಜ್ಞೆಗೂ ನಡುವೆ ಬಿಡುವು ಬೇಕು. ಸ್ಲೈಡರ್ ಎಳೆದಷ್ಟೂ ಹೊತ್ತು ಸುಮ್ನೆ ಅಂಕಿ ಸುರಿಯುತ್ತಾ ಹೋಗಬೇಡಿ, ಬೆರಳು ನಿಂತ ಮೇಲೆ ಒಂದು ಸಲ ಕಳಿಸಿ.

ಸೇಬುಹುಳ:
ಮ್ಯಾಕ್ ವಿಷಯ ಚಿಕ್ಕದು, ಯಾಕಂದರೆ ಎಲ್ಲರಿಗೂ ತೆರೆದಿಟ್ಟ ಎಪಿಐ (ನಮ್ಮ ಪ್ರೋಗ್ರಾಂ ಸಿಸ್ಟಮ್‌ಗೆ ಆಜ್ಞೆ ಕೊಡೋ ದಾರಿ) ಇಲ್ಲ. ಹಳೇ ಇಂಟೆಲ್ ಮ್ಯಾಕ್‌ಗಳಲ್ಲಿ ಹಾರ್ಡ್‌ವೇರ್ ಜೊತೆ ಮಾತಾಡೋ ಐಒಕಿಟ್ ಮೂಲಕ ಆಗುತ್ತಿತ್ತು, ಆಪಲ್‌ನ ಸ್ವಂತ ಎಂ1 ಚಿಪ್ ಬಂದ ಮೇಲೆ ಆ ದಾರಿ ಮುಚ್ಚಿತು. ಈಗ ಜನ ಡಿಸ್‌ಪ್ಲೇ-ಸರ್ವೀಸಸ್ ಅನ್ನೋ ಖಾಸಗಿ ಫ್ರೇಮ್‌ವರ್ಕ್ ಕರೆಯುತ್ತಾರೆ, ಅಂಕಿ 0.0ರಿಂದ 1.0. ಆ್ಯಪ್ ಸ್ಟೋರ್‌ಗೆ ಹಾಕೋ ಯೋಚನೆ ಇದ್ದರೆ ಬಿಟ್ಟುಬಿಡಿ, ಖಾಸಗಿ ಎಪಿಐ ಅಲ್ಲಿ ನಡೆಯಲ್ಲ. ಗೆಳೆಯನಿಗೆ ಮಾತ್ರ ಅಂದರೆ ಧಾರಾಳವಾಗಿ ಬಳಸಿ. ಆಟೋ ಬ್ರೈಟ್‌ನೆಸ್ ಆನ್ ಇದ್ದರೆ ಮಾತ್ರ ನಿಮ್ಮ ಪ್ರೋಗ್ರಾಮಿಗೂ ಅದಕ್ಕೂ ಜಗಳ ಗ್ಯಾರಂಟಿ, ನೀವು ಇಳಿಸ್ತೀರಿ, ಅದು ಏರಿಸುತ್ತೆ.

ಸಂಜೆಬೆಳಕು:
ಎಲ್ಲರಿಗೂ ಥ್ಯಾಂಕ್ಸ್. ಲಾಗಿನ್‌ಡಿ ದಾರಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಅಂದರೆ, 0 ಕೊಟ್ಟರೆ ಏನಾಗುತ್ತೆ ನೋಡೋಣ ಅಂತ ಕೊಟ್ಟೆ. ಪರದೆ ಪೂರ್ತಿ ಕಪ್ಪು. ಲ್ಯಾಪ್‌ಟಾಪ್ ಸತ್ತೇ ಹೋಯಿತು ಅಂದುಕೊಂಡೆ, ಆದರೆ ಫ್ಯಾನ್ ತಿರುಗುತ್ತಿತ್ತು. ಫೋನಿನ ಟಾರ್ಚ್ ಹಾಕಿ ಪರದೆಗೆ ಓರೆಯಾಗಿ ಹಿಡಿದರೆ, ಅಕ್ಷರಗಳು ದೆವ್ವದ ಹಾಗೆ ಸಣ್ಣಗೆ ಕಾಣುತ್ತಿವೆ! ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಕಮಾಂಡ್ ಟೈಪ್ ಮಾಡಿ ಬೆಳಕು ವಾಪಸ್ ತಂದೆ.

ಈಗ ಉಳಿದಿರೋದು ಒಂದೇ. ಒಂದೊಂದು ನಿಮಿಷಕ್ಕೆ ಶೇಕಡಾ 5 ಇಳಿಸುತ್ತಿದ್ದೇನೆ. 100ರಿಂದ 60ರವರೆಗೆ ಗೊತ್ತೇ ಆಗಲ್ಲ, 15ರಿಂದ 10ಕ್ಕೆ ಬಂದಾಗ ಯಾರೋ ಸ್ವಿಚ್ ಒತ್ತಿದ ಹಾಗೆ ಧಡಕ್ ಅಂತ ಬೀಳುತ್ತೆ.

ಟರ್ಮಿನಲ್‌ಪ್ರಿಯ:
ಟಾರ್ಚ್ ಐಡಿಯಾ ಸೂಪರ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 0 ಅಂದರೆ ತೀರಾ ಕಮ್ಮಿ ಬೆಳಕು, ಕೆಲವದರಲ್ಲಿ ದೀಪವೇ ಆಫ್. ಅದಕ್ಕೇ ಕೋಡಿನಲ್ಲಿ ಒಂದು ಕನಿಷ್ಠ ಇಟ್ಟುಕೊಳ್ಳಿ, ಗರಿಷ್ಠದ ಶೇಕಡಾ 2 ಅಥವಾ 3.

ಧಡಕ್ ಅನ್ನೋದು ನಿಮ್ಮ ಕಣ್ಣಿನ ಲೆಕ್ಕ. ಕಣ್ಣಿಗೆ ಎಷ್ಟು ಕಮ್ಮಿಯಾಯಿತು ಅನ್ನೋದಕ್ಕಿಂತ ಎಷ್ಟು ಪಾಲು ಕಮ್ಮಿಯಾಯಿತು ಅನ್ನೋದೇ ಮುಖ್ಯ. 100ರಿಂದ 95ಕ್ಕೆ ಬಂದರೆ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು, 15ರಿಂದ 10ಕ್ಕೆ ಬಂದರೆ ಮೂರರಲ್ಲಿ ಒಂದು. ಕಳೆಯೋದು ಬಿಟ್ಟು ಗುಣಿಸಿ: ಪ್ರತಿ ಹೆಜ್ಜೆಗೂ ಈಗಿನ ಅಂಕಿಯನ್ನ 0.95ರಿಂದ. ಆಗ ಮೇಲೂ ಕೆಳಗೂ ಒಂದೇ ಥರ ಇಳಿಯುತ್ತೆ.

ಹಳೇಕಿಟಕಿ:
ಜೊತೆಗೆ, ಬರೆಯೋ ಮೊದಲು ಪ್ರತಿ ಸಲ ಈಗಿನ ಅಂಕಿ ಓದಿ. ನೀವು ಕಳೆದ ಸಲ ಬರೆದದ್ದು ಅಲ್ಲಿ ಇಲ್ಲದಿದ್ದರೆ ಕೂತಿರೋರು ಕೀ ಒತ್ತಿ ತಮಗೆ ಬೇಕಾದಷ್ಟು ಮಾಡಿಕೊಂಡಿದ್ದಾರೆ ಅಂತ ಅರ್ಥ. ಅವತ್ತು ರಾತ್ರಿ ಮಟ್ಟಿಗೆ ಪ್ರೋಗ್ರಾಂ ತೆಪ್ಪಗಿರಲಿ. ಇಂಥದ್ದೊಂದು ಟೂಲ್ ನನ್ನ ಜೊತೆ ಹಠಕ್ಕೆ ಬಿದ್ದಿತ್ತು, ಮೂರನೇ ದಿನ ಕಿತ್ತುಹಾಕಿದೆ.

ಸಂಜೆಬೆಳಕು:
0.95 ಹಾಕಿದೆ, ಇಳಿದದ್ದೇ ಗೊತ್ತಾಗಲಿಲ್ಲ. ಕನಿಷ್ಠ ಶೇಕಡಾ 3. ಮ್ಯಾಕ್ ಭಾಗವನ್ನ ಗೆಳೆಯನ ತಲೆಗೇ ಕಟ್ಟಿದ್ದೇನೆ.