ಶಾತೋ ಮುಸಾರ್ ಕೆಂಪು ವೈನ್: ಬಾಟಲಿಯ ತಳದ ಮಡ್ಡಿ ಮತ್ತು ಒಂದು ಮನೆತನದ ಕಥೆ

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳ ಹಿಂದೆ ನನ್ನ ಭಾವಮೈದುನ ಊರಿಗೆ ಬರುವಾಗ ಲೆಬನಾನ್ ದೇಶದ ಶಾತೋ ಮುಸಾರ್ ಎಂಬ ಕೆಂಪು ವೈನಿನ ಎರಡು ಬಾಟಲಿಗಳನ್ನು ತಂದುಕೊಟ್ಟಿದ್ದರು. ಎರಡೂ 2009ರ ಫಸಲಿನವು. ವೈನ್ ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಅವನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಹಿತ್ತಾಳೆ ಕೊಳಗದ ಮಗ್ಗುಲಲ್ಲಿ ಇಟ್ಟು ಮರೆತಿದ್ದೆ. ಕಳೆದ ಭಾನುವಾರ ಒಂದನ್ನು ತೆರೆದಾಗ ಬಣ್ಣ ನಾನೆಣಿಸಿದಷ್ಟು ಗಾಢವಾಗಿರಲಿಲ್ಲ. ಲೋಟದ ಅಂಚಿನಲ್ಲಿ ಹಳೆಯ ಇಟ್ಟಿಗೆಯ ಛಾಯೆಯಿತ್ತು. ಮೂಗಿನ ಬಳಿ ತಂದಾಗ ಮೊದಲು ಬಡಿದದ್ದು ನೇಲ್ ಪಾಲಿಶ್ ವಾಸನೆ. ಕೊನೆಯ ಲೋಟದಲ್ಲಂತೂ ಕಾಫಿ ಗಷ್ಟಿನಂಥ ಕಪ್ಪು ಮಡ್ಡಿ ಇಳಿಯಿತು. ಇದು ನಮ್ಮ ಅಟ್ಟದ ಸೆಕೆಗೆ ಕೆಟ್ಟದ್ದೋ, ಅಥವಾ ಆ ವೈನಿನ ಗುಣವೇ ಹಾಗೋ? ಚೀಟಿಯ ಮೇಲೆ ಹೊಷಾರ್ ಎಂಬ ಮನೆತನದ ಹೆಸರಿದೆ (ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ‘ಹುಷಾರ್’ ಎಂದೇ ಓದಿದರು). ಅವರ ಬಗ್ಗೆ ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1 (ಜಯಲಕ್ಷ್ಮಿಪುರಂ, ಮೈಸೂರು)

ತಾವು ಕಂಡ ಮೂರರಲ್ಲಿ ಎರಡು ಲಕ್ಷಣಗಳು ಆ ವೈನಿಗೆ ಸಹಜವಾದವು. ಹೋಟೆಲ್ ಉದ್ಯೋಗದಲ್ಲಿದ್ದಾಗ ಈ ಬಾಟಲಿಯನ್ನು ಕೆಲವು ಸಲ ತೆರೆದು ಬಡಿಸಿದ್ದೇನೆ. ಪ್ರತಿ ಸಲವೂ ಒಬ್ಬರಾದರೂ ಹಿಂದಿರುಗಿಸಲು ಹೊರಡುತ್ತಿದ್ದರು.

ಗ್ಯಾಸ್ಟನ್ ಹೊಷಾರ್ ಎಂಬವರು 1930ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಬೈರೂತಿನ ಉತ್ತರಕ್ಕಿರುವ ಘಜೀರ್ ಎಂಬ ಊರಿನ ಹಳೆಯ ಕೋಟೆಮನೆಯೊಂದರಲ್ಲಿ ಇದನ್ನು ಆರಂಭಿಸಿದರು. ವಿಚಿತ್ರವೆಂದರೆ ದ್ರಾಕ್ಷಿ ಬೆಳೆಯುವುದು ಅಲ್ಲಲ್ಲ, ಪರ್ವತದ ಆಚೆಗಿರುವ ಬೆಕಾ ಕಣಿವೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ, ಅಂದರೆ ನಮ್ಮ ಮೈಸೂರಿಗಿಂತಲೂ ಇನ್ನೂರು ಮೀಟರಿಗೂ ಹೆಚ್ಚು ಮೇಲಿರುವ ಆ ಕಣಿವೆ ಮುಂದೆ ಯಾವ ದೇಶದ ಪಾಲಾಗುವುದೋ ಎಂಬ ಅನುಮಾನ ಆಗ ಇದ್ದುದರಿಂದ ನೆಲಮಾಳಿಗೆಯನ್ನು ಕರಾವಳಿಯ ಕಡೆಗೆ ಮಾಡಿಕೊಂಡರು ಎಂದು ಹೇಳುವುದುಂಟು. ಈ ಒಂದು ನಿರ್ಧಾರದ ಬೆಲೆಯನ್ನು ಮುಂದಿನ ತಲೆಮಾರು ತೆರಬೇಕಾಯಿತು.

ಹಿರಿಯ ಮಗ ಸರ್ಜ್ ಫ್ರಾನ್ಸಿನ ಬೋರ್ಡೋದಲ್ಲಿ ಕಲಿತು 1959ರಲ್ಲಿ ವೈನ್ ತಯಾರಿಕೆಯ ಹೊಣೆ ಹೊತ್ತರು. ತಮ್ಮ ರೊನಾಲ್ಡ್ ಲೆಕ್ಕಪತ್ರ ಮತ್ತು ಮಾರಾಟ ನೋಡಿಕೊಂಡರು. 1975ರಲ್ಲಿ ಆರಂಭವಾದ ಅಂತರ್ಯುದ್ಧ 1990ರವರೆಗೆ ನಡೆಯಿತು. 1976ರಲ್ಲಿ ವೈನ್ ತಯಾರಾಗಲೇ ಇಲ್ಲ. ಅದುವರೆಗೆ ಸರಕು ಬಹುಪಾಲು ದೇಶದೊಳಗೇ ಖರ್ಚಾಗುತ್ತಿತ್ತು. ಕೊಳ್ಳುವವರೇ ಇಲ್ಲವಾದಾಗ ಸರ್ಜ್ ಹೊರದೇಶಗಳತ್ತ ಮುಖಮಾಡಿದರು. 1979ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವೈನ್ ಮೇಳದಲ್ಲಿ ಮೈಕಲ್ ಬ್ರಾಡ್‌ಬೆಂಟ್ ಎಂಬ ಹೆಸರಾಂತ ರುಚಿಪರೀಕ್ಷಕರು ಅವರ 1967ರ ವೈನನ್ನು ಮೆಚ್ಚಿ ಬರೆದದ್ದೇ ತಿರುವಾಯಿತು. 1984ರಲ್ಲಿ ‘ಡಿಕ್ಯಾಂಟರ್’ ಪತ್ರಿಕೆ ತನ್ನ ‘ವರ್ಷದ ವ್ಯಕ್ತಿ’ ಗೌರವವನ್ನು ಮೊತ್ತಮೊದಲು ಕೊಟ್ಟದ್ದು ಸರ್ಜ್ ಅವರಿಗೆ. ಅವರು 2014ರ ಡಿಸೆಂಬರ್ 31ರಂದು ಮೆಕ್ಸಿಕೋದಲ್ಲಿ ಈಜುವಾಗ ತೀರಿಕೊಂಡರು. ಈಗಲೂ ಕುಟುಂಬದವರೇ ನಡೆಸುತ್ತಿದ್ದಾರೆ.

ವೈನಿನ ವಿಷಯಕ್ಕೆ ಬಂದರೆ, ಕ್ಯಾಬರ್ನೆ ಸೋವಿನ್ಯೋಂ, ಕಾರಿನ್ಯಾನ್ ಮತ್ತು ಸಾನ್ಸೋ ಎಂಬ ಮೂರು ತಳಿಗಳನ್ನು ಬೇರೆ ಬೇರೆಯಾಗಿ ಸಿಮೆಂಟ್ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಹೊರಗಿನ ಯೀಸ್ಟ್ ಹಾಕುವುದಿಲ್ಲ, ಸೋಸುವುದೂ ಇಲ್ಲ. ಒಂದು ವರ್ಷ ಓಕ್ ಪೀಪಾಯಿಯಲ್ಲಿಟ್ಟು, ಆಮೇಲೆ ಬೆರೆಸಿ, ಬಾಟಲಿಗೆ ತುಂಬಿ, ಮತ್ತೆ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಮಲಗಿಸಿ, ಕೊಯ್ಲಾದ ಏಳನೆಯ ವರ್ಷಕ್ಕೆ ಮಾರುಕಟ್ಟೆಗೆ ಬಿಡುತ್ತಾರೆ. ಮಡ್ಡಿಯೂ ಇಟ್ಟಿಗೆ ಬಣ್ಣವೂ ಹೀಗೆ ಬಂದವು.

ಉತ್ತರ 2 (ಮದ್ದೂರು, ಮಂಡ್ಯ ಜಿಲ್ಲೆ)

ನಾನು ವೈನ್ ಕುಡಿದವನಲ್ಲ, ಕಬ್ಬು ಬೆಳೆಯುವವನು. ಆದರೆ ಪರ್ವತ ದಾಟಿ ದ್ರಾಕ್ಷಿ ಸಾಗಿಸಿದ ಸಂಗತಿ ಓದಿ ಸುಮ್ಮನಿರಲಾಗಲಿಲ್ಲ. ಕಡಿದ ಕಬ್ಬನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಅರೆಯದಿದ್ದರೆ ಅದರ ಸಕ್ಕರೆ ಒಡೆಯತೊಡಗುತ್ತದೆ. ಅಂಥ ಹಾಲನ್ನು ಆಲೆಮನೆಯಲ್ಲಿ ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಾಗುತ್ತದೆ. ಒಂದು ವರ್ಷ ಲಾರಿ ಸಿಗದೆ ನಮ್ಮ ಎರಡು ಲೋಡು ಕಬ್ಬು ಗದ್ದೆಯ ಬದುವಿನಲ್ಲೇ ಮೂರು ದಿನ ಬಿದ್ದಿತ್ತು. ಹತ್ತಿರ ಹೋದರೆ ಹುಳಿ ನಾತ, ಜೇನುನೊಣಗಳ ಮುತ್ತಿಗೆ. ಯುದ್ಧದಲ್ಲಿ ರಸ್ತೆ ಮುಚ್ಚಿದಾಗ ಅವರ ದ್ರಾಕ್ಷಿ ಏನಾಯಿತು?

ಉತ್ತರ 1ರವರಿಂದ ಮತ್ತೆ

ತಾವು ಊಹಿಸಿದಂತೆಯೇ ಆಯಿತು. 1984ರಲ್ಲಿ ಲಾರಿಗಳು ಸುತ್ತುದಾರಿಯಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದು, ಘಜೀರ್ ತಲುಪುವಷ್ಟರಲ್ಲಿ ಹಣ್ಣು ದಾರಿಯಲ್ಲೇ ಹುದುಗತೊಡಗಿತ್ತು. ಸರ್ಜ್ ಅದನ್ನು ಚೆಲ್ಲಲಿಲ್ಲ, ಆದರೆ ಆ ವರ್ಷದ್ದನ್ನು ಮಾಮೂಲಿನಂತೆ ಮಾರಾಟಕ್ಕೂ ಬಿಡಲಿಲ್ಲ.

ಉತ್ತರ 3 (ಸರಸ್ವತಿಪುರಂ, ಮೈಸೂರು)

ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಹಾಗಾಗಿ ಎರಡು ಮಾತು. ಮೊದಲ ಉತ್ತರ ಬರೆದವರು ಮೂರನೆಯ ಲಕ್ಷಣವಾದ ನೇಲ್ ಪಾಲಿಶ್ ವಾಸನೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಹುದುಗುವಾಗ ಹುಟ್ಟುವ ಅಸಿಟಿಕ್ ಆಮ್ಲ ಆಲ್ಕೋಹಾಲಿನೊಡನೆ ಸೇರಿದರೆ ಈಥೈಲ್ ಅಸಿಟೇಟ್ ಆಗುತ್ತದೆ. ಆ ವಾಸನೆ ಅದರದ್ದು. ಮುಸಾರ್ ವೈನಿನಲ್ಲಿ ಇದು ಹೆಚ್ಚೆಂಬುದು ಪ್ರಸಿದ್ಧ. ಅಭಿಮಾನಿಗಳು ಇದನ್ನು ಸೊಗಸು ಎನ್ನುತ್ತಾರೆ, ಉಳಿದವರು ದೋಷ ಎನ್ನುತ್ತಾರೆ. ನಾನು ಎರಡನೆಯ ಪಂಗಡದವನು. ಮಡ್ಡಿಯಾದರೋ ಬಣ್ಣದ ಅಂಶವೂ ಟ್ಯಾನಿನ್ ಎಂಬ ಒಗರಿನ ಅಂಶವೂ ಕಾಲಕ್ರಮದಲ್ಲಿ ಒಂದಕ್ಕೊಂದು ಅಂಟಿ ತಳಕ್ಕಿಳಿದದ್ದು. ಜೊತೆಗೆ ಹೊಳೆಯುವ ಹರಳುಗಳು ಕಂಡರೆ ಹೆದರಬೇಡಿ, ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲದ ಲವಣ ಅದು.

ಆದರೆ ಅಟ್ಟವನ್ನು ನಿರ್ದೋಷಿ ಎನ್ನಲಾರೆ. ವೈನಿಗೆ ಹಿತವಾದದ್ದು 12ರಿಂದ 14 ಡಿಗ್ರಿ. ಏಪ್ರಿಲಿನಲ್ಲಿ ನಮ್ಮ ಅಡುಗೆಮನೆಯ ಸೂರಿನಡಿ ಅದರ ಎರಡೂವರೆ ಪಟ್ಟು ಇರುತ್ತದೆ. ಉಳಿದ ಬಾಟಲಿಯ ಬಿರಡೆಯನ್ನು ನೋಡಿ. ಅದು ಮೇಲಕ್ಕೆ ಉಬ್ಬಿದ್ದರೆ, ಕುತ್ತಿಗೆಯಲ್ಲಿ ವೈನ್ ಜಿನುಗಿ ಅಂಟಾದ ಕಲೆಯಿದ್ದರೆ, ತೆರೆದಾಗ ಕುದಿಸಿದ ಜಾಮಿನ ವಾಸನೆ ಬಂದರೆ ಸೆಕೆ ತಾಕಿದೆ ಎಂದರ್ಥ. ಇಲ್ಲವಾದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಬಾಟಲಿಯ ಕುತ್ತಿಗೆಯ ಹಿಂದೆ ಟಾರ್ಚ್ ಹಿಡಿದು, ನಿಧಾನವಾಗಿ ತಿಳಿಯನ್ನು ಮಾತ್ರ ಹೂಜಿಗೆ ಬಸಿಯಿರಿ. ಬಗ್ಗಡ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ಒಂದು ಗಂಟೆ ಹಾಗೇ ಬಿಟ್ಟರೆ ಆ ವಾಸನೆಯೂ ಬಹಳಮಟ್ಟಿಗೆ ಹಾರಿಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಬಾಟಲಿಯ ಬಿರಡೆ ಮಟ್ಟಸವಾಗಿಯೇ ಇದೆ, ಆದರೆ ಕುತ್ತಿಗೆಯ ಒಂದು ಬದಿಯಲ್ಲಿ ಕಾಳಿನಷ್ಟು ಅಗಲದ ನೇರಳೆ ಕಲೆಯಿದೆ. ಅದನ್ನು ಅಟ್ಟದಿಂದಿಳಿಸಿ ದೇವರ ಮನೆಯ ಪಕ್ಕದ ತಂಪಾದ ಕೋಣೆಗೆ ಒಯ್ದಾಗ ನಮ್ಮ ತಾಯಿಯವರು ಆಕ್ಷೇಪಿಸಿದ್ದರಿಂದ ಸದ್ಯ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿದೆ. ಭಾವಮೈದುನ ದೀಪಾವಳಿಗೆ ಬರುತ್ತಾರೆ. ಟಾರ್ಚ್ ಹಿಡಿಯುವ ಕೆಲಸ ಅವರದ್ದು.