ಹ್ಯಾರಿಸನ್ ಹೋದ ಅಂತ ಅಳುವ ಆರ್ಯನ ಅಮ್ಮನಿಗೆ ದೊಡ್ಡಪ್ಪ ಹೇಳಿದ್ದು

ಸುಷ್ಮಾ, ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಟೈಪ್ ಮಾಡುತ್ತಾ ಕೂತರೆ ಕತ್ತಲಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳಿಬಿಡುತ್ತೇನೆ. ಉದ್ದ ಆಯಿತು ಅಂತ ಯಾರೂ ಮುಖ ಸಿಂಡರಿಸಬೇಡಿ. 2025ರ ಜೂನ್‌ನಲ್ಲಿ ನಮ್ಮ ಬೇಸ್‌ಬಾಲ್ ಟೀಮ್ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನವರು ಪಿಚರ್ ಹ್ಯಾರಿಸನ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ಬಾಸ್ಟನ್‌ಗೆ ಕೊಟ್ಟರು. ಈಗ ಟ್ರೇಡ್ ಡೆಡ್‌ಲೈನ್, ಅಂದರೆ ಆಟಗಾರರನ್ನು ಅದಲುಬದಲು ಮಾಡುವ ಕೊನೇ ದಿನದ ಹೊತ್ತಿಗೆ ರಾಜರ್ಸ್ ಮೆಟ್ಸ್‌ಗೆ, ಡೋವಲ್ ಯಾಂಕೀಸ್‌ಗೆ, ಇಬ್ಬರೂ ನ್ಯೂಯಾರ್ಕ್ ಪಾಲಾದರು. ಇರುವ ಪಿಚರ್‌ಗಳನ್ನೆಲ್ಲ ಹೀಗೆ ಕೊಟ್ಟರೆ ನಮ್ಮ ಜೈಂಟ್ಸ್ ಗತಿ ಏನು ದೊಡ್ಡಪ್ಪ, ಆರ್ಯ ಇನ್ನು ಮ್ಯಾಚೇ ನೋಡಲ್ಲ ಅಂತ ಅಳುತ್ತಿದ್ದಾನೆ ಅಂತ ಕೇಳಿದ್ದೀಯ. ಕೊನೆಯಲ್ಲಿ ಅವನ ಕೋಚ್ ವಿಷಯ ಏನೋ ಕೇಳಿದ್ದೀಯ, ಅದಕ್ಕೂ ಬರುತ್ತೇನೆ.

ಮೊದಲು ಮಗುಗೆ ಹೇಳು, ಟ್ರೇಡ್ ಆದಾಗ ಅಳುವುದು ನಾಚಿಕೆಯ ವಿಷಯ ಏನಲ್ಲ. ನಮ್ಮ ಜೈಂಟ್ಸ್‌ನಲ್ಲಿ ಆಡಿದ ವಿಲ್ಮರ್ ಫ್ಲೋರೆಸ್ ಇದ್ದಾನಲ್ಲ, ಅವನೇ ಅತ್ತಿದ್ದಾನೆ. 2015ರಲ್ಲಿ ಅವನು ಮೆಟ್ಸ್‌ನಲ್ಲಿದ್ದ. ನಿನ್ನನ್ನು ಟ್ರೇಡ್ ಮಾಡಿದರಂತೆ ಅಂತ ಆಟದ ಮಧ್ಯದಲ್ಲೇ ಕಿವಿಗೆ ಬಿತ್ತು. ಪಾಪ, ಮೈದಾನದಲ್ಲೇ ಕಣ್ಣೊರೆಸಿಕೊಂಡ. ಊರಿಗೆ ಊರೇ ಟಿವಿಯಲ್ಲಿ ನೋಡಿತು. ಆಮೇಲೆ ಆ ಟ್ರೇಡ್ ಮುರಿದು ಬಿತ್ತು, ಬೇರೆ ಮಾತು. ಅವನ ಜೊತೆ ಆವತ್ತು ಹೋಗಬೇಕಾಗಿದ್ದ ಇನ್ನೊಬ್ಬ ಯಾರು ಹೇಳು? ಝ್ಯಾಕ್ ವೀಲರ್. ಆ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ವೀಲರ್ ಕಥೆ ಈ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಈಗ ಕೇಳಿ. 2009ರ ಡ್ರಾಫ್ಟ್‌ನಲ್ಲಿ, ಅಂದರೆ ಟೀಮ್‌ಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಆರನೆಯವನಾಗಿ ನಮ್ಮವರೇ ಆರಿಸಿದ ಹುಡುಗ. 2011ರಲ್ಲಿ ನಮ್ಮವರ ಕೆಳಹಂತದ ಟೀಮ್ ಸ್ಯಾನ್ ಹೋಸೆ ಜೈಂಟ್ಸ್‌ನಲ್ಲಿ ಆಡುತ್ತಿದ್ದ, ನಮ್ಮ ಹಳೇ ಮನೆಗೆ ಹತ್ತಿರದ ಆ ಮುನಿಸಿಪಲ್ ಸ್ಟೇಡಿಯಂನಲ್ಲಿ. ಆಗ ಕಾರ್ತಿಕ್ ಇನ್ನೂ ಹೈಸ್ಕೂಲ್. ನಿಮ್ಮ ದೊಡ್ಡಮ್ಮ ಚಪಾತಿ ಸುತ್ತಿಕೊಟ್ಟರೆ ನಾವಿಬ್ಬರೂ ಹೊರಟುಬಿಡುತ್ತಿದ್ದೆವು. ಮೇಜರ್ ಲೀಗ್ ಟಿಕೆಟ್ ಕೊಳ್ಳುವ ಕಾಲ ಅಲ್ಲ ಅದು. ಅಲ್ಲಿ ಆದರೆ ಮೂರನೇ ಬೇಸ್ ಪಕ್ಕದಲ್ಲೇ ಕೂತು, ಚೆಂಡು ಗ್ಲೌಸಿಗೆ ಬೀಳುವ ಸದ್ದು ಕೇಳಬಹುದಿತ್ತು. ನಮ್ಮ ಹೆಸರಾಂತ ಪಿಚರ್ ಲಿನ್ಸಿಕಮ್ ಅಲ್ಲಿಂದಲೇ ಹೋದವನು. ಬಮ್‌ಗಾರ್ನರ್, ಕೇನ್ ಎಲ್ಲ ಅಲ್ಲಿ ಆಡಿದವರೇ. ಈಗ ಜೈಂಟ್ಸ್‌ಗೇ ಬಾಸ್ ಆಗಿ ಕೂತಿರುವ ಬಸ್ಟರ್ ಪೋಸಿ ಕೂಡ 2009ರಲ್ಲಿ ಅಲ್ಲೇ ಕ್ಯಾಚರ್ ಆಗಿದ್ದ. ವೀಲರ್ ಆಗ ಗುರಿ ತಪ್ಪಿ ಎಸೆದು ಬ್ಯಾಟರ್‌ಗೆ ಬಿಟ್ಟಿ ಬೇಸ್, ಅಂದರೆ ವಾಕ್, ಜಾಸ್ತಿ ಕೊಡುತ್ತಿದ್ದ, ಸುಳ್ಳು ಹೇಳಲ್ಲ. ಆದರೆ ಆ ಕೈ ಬೀಸುವ ಸಲೀಸು ನೋಡಿದವರಿಗೆ ಗೊತ್ತಾಗುತ್ತಿತ್ತು. ಪಕ್ಕದ ಸೀಟಿನ ಒಬ್ಬ ಅಜ್ಜ, ಸ್ಕೋರ್ ಪುಸ್ತಕ ಹಿಡಿದುಕೊಂಡು ಬರುತ್ತಿದ್ದ, ಈ ಹುಡುಗ ಇಲ್ಲಿ ಜಾಸ್ತಿ ದಿನ ಇರಲ್ಲ ಅಂದ. ನಾನು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಾನೆ ಅಂತಲೇ ತಿಳಿದುಕೊಂಡೆ.

ಆ ವರ್ಷ ಮೇ ತಿಂಗಳಲ್ಲಿ ಪೋಸಿಗೆ ಹೋಮ್ ಪ್ಲೇಟಿನಲ್ಲಿ ಒಬ್ಬ ಬಂದು ಗುದ್ದಿದ, ಕಾಲು ಮುರಿಯಿತು. ನೆನಪಿದೆಯಲ್ಲ? ಬ್ಯಾಟಿಂಗ್ ಪೂರ್ತಿ ಒಣಗಿಹೋಯಿತು. ಟೀಮ್ ಆದರೂ ಮೊದಲನೇ ಸ್ಥಾನದಲ್ಲಿತ್ತು, ಬರೀ ಪಿಚಿಂಗ್ ಮೇಲೆ. ಹಿಂದಿನ ವರ್ಷ ವರ್ಲ್ಡ್ ಸೀರೀಸ್ ಗೆದ್ದ ಅಮಲು ಬೇರೆ. ಜುಲೈ ಕೊನೆಗೆ ಮೆಟ್ಸ್‌ನಿಂದ ಬ್ಯಾಟರ್ ಕಾರ್ಲೋಸ್ ಬೆಲ್ಟ್ರಾನ್‌ನ ತಂದರು, ವೀಲರ್‌ನ ಕೊಟ್ಟರು. ಬೆಲ್ಟ್ರಾನ್ ಕಾಂಟ್ರ್ಯಾಕ್ಟ್ ಆ ವರ್ಷಕ್ಕೇ ಮುಗಿಯುತ್ತಿತ್ತು. ಎರಡು ತಿಂಗಳಿಗೆ ಬಂದ ನೆಂಟ. ಒಳ್ಳೆ ಆಟಗಾರ, ಹೊಡೆದ ಕೂಡ. ಆದರೆ ಆಗಸ್ಟ್‌ನಲ್ಲಿ ಕೈಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತ. ಅರಿಜೋನಾದವರು ನಮ್ಮನ್ನು ದಾಟಿ ಹೋದರು. ನಾವು 86 ಗೆದ್ದು ಮನೆಗೆ. ಬೆಲ್ಟ್ರಾನ್ ಸೇಂಟ್ ಲೂಯಿಸ್‌ಗೆ. ಫಸಲಿಗೆ ಬರುವ ತೋಟ ಮಾರಿ ಮದುವೆ ಚಪ್ಪರ ಬಾಡಿಗೆಗೆ ತಂದ ಹಾಗಾಯಿತು. ಕಾರ್ತಿಕ್ ಹತ್ತಿರ ವೀಲರ್ ಸಹಿ ಮಾಡಿದ ಚೆಂಡು ಇತ್ತು, ಅದನ್ನು ಶೂ ಕಪಾಟಿಗೆ ಎಸೆದ.

ಅದಕ್ಕೆ ಹೇಳುತ್ತೇನೆ, ಎಳೇ ಕೈಯನ್ನು ಆತುರಕ್ಕೆ ಬಿಟ್ಟುಕೊಡಬಾರದು. ಈ ಸೀಸನ್ನಿನ ಹಸಿವಿಗೆ ಮುಂದೆ ಹತ್ತು ವರ್ಷ ಆಡುವ ಪಿಚರ್‌ನ ಕೊಡಬಾರದು.

ಈಗ ನಮ್ಮ ಚಿಕ್ಕಣ್ಣ ಬರುತ್ತಾನೆ ನೋಡಿ, ವೀಲರ್ ಇಲ್ಲದೆಯೇ 2012, 2014 ಎರಡೂ ವರ್ಲ್ಡ್ ಸೀರೀಸ್ ಗೆದ್ದೆವಲ್ಲ ಅಂತ. ಗೆದ್ದೆವಪ್ಪ. ಯಾರ ಬಲದ ಮೇಲೆ ಗೆದ್ದೆವು? ಕೇನ್, ಬಮ್‌ಗಾರ್ನರ್, ಲಿನ್ಸಿಕಮ್, ರೋಮೋ. ಎಲ್ಲರೂ ನಮ್ಮ ಮನೆಯಲ್ಲೇ ಬೆಳೆದವರು. 2014ರ ಏಳನೇ ಮ್ಯಾಚಿನಲ್ಲಿ ಬಮ್‌ಗಾರ್ನರ್ ಎರಡೇ ದಿನ ರೆಸ್ಟ್ ತೆಗೆದುಕೊಂಡು ಬಂದು ಐದು ಇನಿಂಗ್ಸ್ ಎಸೆದನಲ್ಲ, ಅವನನ್ನು ಯಾರಿಂದಲೂ ಕೊಂಡು ತಂದಿರಲಿಲ್ಲ. ಅದು ನನ್ನ ಮಾತನ್ನೇ ಹೇಳುತ್ತದೆ, ಚಿಕ್ಕಣ್ಣಂದಲ್ಲ. 2003ರಲ್ಲಿ ಒಬ್ಬ ಕ್ಯಾಚರ್ ಪಿಯರ್ಜಿನ್ಸ್ಕಿಗೋಸ್ಕರ ಜೋ ನೇಥನ್, ಲಿರಿಯಾನೋ ಇಬ್ಬರು ಪಿಚರ್‌ಗಳನ್ನೂ ಮಿನೆಸೋಟಾಗೆ ಕೊಟ್ಟ ಕಥೆ ಬೇರೆ ಇದೆ, ಅದನ್ನು ಶುರು ಮಾಡಿದರೆ ನಿಮ್ಮ ದೊಡ್ಡಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ.

ಹಾಗಂತ ಈ ಸಲದ್ದು ಪೂರ್ತಿ ಅದೇ ಕಥೆ ಅಲ್ಲ. ಇದನ್ನು ಆರ್ಯನಿಗೆ ಸರಿಯಾಗಿ ಬಿಡಿಸಿ ಹೇಳು. ಹ್ಯಾರಿಸನ್ ಹೋಗಿದ್ದು ನೋವೇ. ಡ್ಯಾನ್‌ವಿಲ್ ಹುಡುಗ, ನಿಮ್ಮ ಮನೆ ಪಕ್ಕದವನು ಅನ್ನಬೇಕು. ಆರ್ಯನ ಹಾಗೆ ಎಡಗೈ. 2023ರಲ್ಲಿ ಇಲ್ಲಿ ಆಡಿದ ಮೊದಲ ಮ್ಯಾಚಿನಲ್ಲೇ ಸಿನ್ಸಿನಾಟಿ ಮೇಲೆ 11 ಸ್ಟ್ರೈಕೌಟ್, ಅಂದರೆ ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದವನು. ಡಾಡ್ಜರ್ಸ್ ಮೇಲೆ ಪಿಚ್ ಮಾಡಬೇಕಾಗಿದ್ದ ದಿನವೇ ಅವನನ್ನು ಕಳಿಸಿದರು, ಅದು ನನಗೂ ಸರಿ ಅನ್ನಿಸಲಿಲ್ಲ. ಆದರೆ ಬದಲಿಗೆ ಬಂದ ಬ್ಯಾಟರ್ ಡೆವರ್ಸ್ ಎರಡು ತಿಂಗಳ ನೆಂಟ ಅಲ್ಲ, 2033ರ ತನಕ ಕಾಂಟ್ರ್ಯಾಕ್ಟ್ ಇರುವವನು. ಬಾಸ್ಟನ್‌ನಲ್ಲಿ ಫಸ್ಟ್ ಬೇಸ್ ಆಡಲ್ಲ ಅಂತ ಹಟ ಹಿಡಿದವನು ಇಲ್ಲಿ ಬಾಯಿ ಮುಚ್ಚಿಕೊಂಡು ಆಡುತ್ತಿದ್ದಾನೆ. ಹಣ ಮಾತ್ರ ವಿಪರೀತ. ಹ್ಯಾರಿಸನ್ ಜೊತೆ ಇನ್ನೊಬ್ಬ ಪಿಚರ್ ಹಿಕ್ಸ್ ಹೋಗಿದ್ದಕ್ಕೆ ನನಗೆ ದುಃಖ ಇಲ್ಲ, ಆ ವೇಗ ಇಟ್ಟುಕೊಂಡು ಏನು ಮಾಡಿದ?

ಇನ್ನು ರಾಜರ್ಸ್. ಅವನು ನನಗೆ ಬಹಳ ಇಷ್ಟ. ನೆಲ ಸವರಿಕೊಂಡು ಗಂಟೆಗೆ 83 ಮೈಲಿ ಆಸುಪಾಸಿನಲ್ಲಿ ಎಸೆದು ಜನರನ್ನು ಔಟ್ ಮಾಡುತ್ತಾನೆ. ನೂರು ಮೈಲಿ ನೂರು ಮೈಲಿ ಅಂತ ಕುಣಿಯುವ ಕಾಲದಲ್ಲಿ ಅಂಥವನೊಬ್ಬ ಇರುವುದೇ ಸಮಾಧಾನ. ಆದರೆ ಅವನ ಕಾಂಟ್ರ್ಯಾಕ್ಟ್ ಈ ವರ್ಷ ಮುಗಿಯುತ್ತಿತ್ತು, ಸುಷ್ಮಾ. ಅವನನ್ನು ಕೊಟ್ಟು ಟಿಡ್‌ವೆಲ್, ಬುಟ್ಟೋ, ಗಿಲ್ಬರ್ಟ್ ಮೂವರನ್ನು ತಂದಿದ್ದಾರೆ. ಅದರಲ್ಲಿ ಇಬ್ಬರು ಪಿಚರ್‌ಗಳು. ಯಾರ ಹತ್ತಿರದಿಂದ? ಅದೇ ಮೆಟ್ಸ್ ಹತ್ತಿರದಿಂದ! 2011ರಲ್ಲಿ ನಾವು ಎರಡು ತಿಂಗಳಿಗೋಸ್ಕರ ಮಾಡಿದ್ದನ್ನು ಈ ಸಲ ಅವರು ಮಾಡಿದ್ದಾರೆ. ಸುದ್ದಿ ಬಂದಾಗ ನಾನು ಒಬ್ಬನೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ. ಈ ಗುಂಪಿನಲ್ಲಿ ಯಾರಿಗೂ ಇದು ಹೊಳೆಯಲಿಲ್ಲವಲ್ಲ, ಎಲ್ಲರೂ ಅಳುವ ಮುಖದ ಚಿತ್ರ ಹಾಕಿಕೊಂಡು ಕೂತಿದ್ದೀರಿ.

ನನಗೆ ನಿಜವಾಗಿ ಚಿಂತೆ ಇರುವುದು ನಮ್ಮ ಎಳೇ ಪಿಚರ್ ಬರ್ಡ್‌ಸಾಂಗ್ ಬಗ್ಗೆ. ಅವನ ಬಗ್ಗೆ ಯಾರೂ ಕೇಳಲ್ಲ. ಸೀಸನ್ ಶುರುವಿನಲ್ಲಿ ಬುಲ್‌ಪೆನ್‌ನಲ್ಲಿ, ಅಂದರೆ ಆಟದ ಮಧ್ಯೆ ಇಳಿಯುವ ಪಿಚರ್‌ಗಳ ಜೊತೆ, ಕೂರಿಸಿದರು, ಆಮೇಲೆ ಆಟ ಶುರು ಮಾಡುವ ಸ್ಟಾರ್ಟರ್ ಮಾಡಿದರು. ಜುಲೈನಲ್ಲಿ ಅಟ್ಲಾಂಟಾದಲ್ಲಿ ಒಬ್ಬನನ್ನೂ ಔಟ್ ಮಾಡಲಾಗದೆ ಇಳಿದ, ಮಾರನೇ ದಿನ ಕೆಳಹಂತದ ಟೀಮಿಗೆ, ಸ್ಯಾಕ್ರಮೆಂಟೋಗೆ ಮೂಟೆ ಕಟ್ಟಿಸಿದರು. ಎಳೇ ಹುಡುಗ ಅಲ್ವಾ? ನಮ್ಮ ಪಿಚರ್ ಲೋಗನ್ ವೆಬ್‌ನ ನೋಡಿ. 2014ರಲ್ಲಿ ನಾಲ್ಕನೇ ರೌಂಡಿನಲ್ಲಿ ತೆಗೆದುಕೊಂಡರು. 2016ರಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಯಿತು. 2019ರಲ್ಲಿ ಮೇಲೆ ಬಂದ, 2021ರಲ್ಲಿ ಹಿಡಿತ ಸಿಕ್ಕಿತು. ಈಗ ವರ್ಷಕ್ಕೆ 200 ಇನಿಂಗ್ಸ್ ಎಸೆಯುತ್ತಾನೆ. ಅವನೇನು 100 ಮೈಲಿ ಎಸೆಯುವುದಿಲ್ಲ, ಕೆಳಕ್ಕೆ ಇಳಿಯುವ ಸಿಂಕರ್, ನಿಧಾನಕ್ಕೆ ಬರುವ ಚೇಂಜಪ್ ಹಾಕಿ ನೆಲಕ್ಕೇ ಹೊಡೆಸುತ್ತಾನೆ. ಏಳು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು. ವೀಲರ್ ಕೂಡ ಹಾಗೇ. 2015ರಲ್ಲಿ ಅವನಿಗೂ ಅದೇ ಸರ್ಜರಿ, ಎರಡು ಸೀಸನ್ ಪೂರ್ತಿ ಹೋಯಿತು. ಮೆಟ್ಸ್‌ನವರೂ ಕೊನೆಗೆ ಬಿಟ್ಟರು. ಫಿಲಡೆಲ್ಫಿಯಾಗೆ ಹೋಗಿ 2021ರಲ್ಲಿ, ಮತ್ತೆ 2024ರಲ್ಲಿ ವರ್ಷದ ಒಳ್ಳೇ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಗೆ ಎರಡನೆಯವನಾಗಿ ಬಂದ. ಅಂದರೆ ನಾವು ಕೊಟ್ಟು ಹತ್ತು ವರ್ಷ ಆದಮೇಲೆ! ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ, ಎಳೇ ಕೈ ವಿಷಯದಲ್ಲಿ ಆತುರ ಬೇಡ. ಕೊಡುವುದಕ್ಕೂ ಆತುರ ಬೇಡ, ಆಡಿಸುವುದಕ್ಕೂ ಆತುರ ಬೇಡ.

ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲಿನ ಒಂದು ಸಂಘದ ಬೇಸಿಗೆ ಕ್ರಿಕೆಟ್ ಟೂರ್ನಿಯಲ್ಲಿ, ಯಾವ ಸಂಘ ಅಂತ ಹೇಳಲ್ಲ, 13 ವರ್ಷದೊಳಗಿನ ಹುಡುಗರಿಗೆ ದಿನಕ್ಕೆ ಇಷ್ಟೇ ಓವರ್ ಅಂತ ಒಂದು ಮಿತಿ ಹಾಕಿ ಅಂದೆ. ಒಂದೇ ಮಗು ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಮ್ಯಾಚಿಗೆ ಬೌಲ್ ಮಾಡುತ್ತಿತ್ತು, ಅವರಪ್ಪ ಬೌಂಡರಿ ಹತ್ತಿರ ನಿಂತು ಇನ್ನೂ ಜೋರಾಗಿ ಹಾಕು ಅಂತ ಕೂಗುತ್ತಿದ್ದರು. ಕಮಿಟಿಯವರು ಏನಂದರು ಗೊತ್ತಾ? ಅಂಕಲ್, ಇಲ್ಲಿ ನಿಮ್ಮ ಬೇಸ್‌ಬಾಲ್ ತರಬೇಡಿ ಅಂದರು. ಎಲ್ಲರೂ ನಕ್ಕರು. ನಮ್ಮ ಭಾವನವರೂ ನಕ್ಕರು, ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಬೇಸ್‌ಬಾಲ್ ಬೇಡ, ಸರಿ, ನಮ್ಮ ಮೈಸೂರಿನ ಶ್ರೀನಾಥ್ 1997ರಲ್ಲಿ ಭುಜ ಕೆಡಿಸಿಕೊಂಡು ಎಷ್ಟು ತಿಂಗಳು ಹೊರಗಿದ್ದರು, ಅದಾದರೂ ನೆನಪಿರಬೇಕಲ್ಲ? ಅಂಥ ಗಟ್ಟಿ ಆಳಿಗೇ ಹಾಗಾದರೆ ಮಕ್ಕಳ ಪಾಡೇನು? ಮುಂದಿನ ವರ್ಷ ನನ್ನ ಹೆಸರನ್ನು ಅಂಪೈರ್ ಪಟ್ಟಿಯಿಂದ ತೆಗೆದು ಊಟದ ಟೋಕನ್ ಹಂಚುವುದಕ್ಕೆ ಹಾಕಿದರು. ಹಂಚಿದೆ. ಪುಳಿಯೋಗರೆ ಬೇಗ ಮುಗಿದುಹೋಯಿತು, ಅದಕ್ಕೂ ಬೈಸಿಕೊಂಡೆ. ಮನೆಯಲ್ಲೂ ಅಷ್ಟೇ. ಕಾರ್ತಿಕ್ ಈಗ ಆಸ್ಟಿನ್‌ನಲ್ಲಿ ಕೂತು ಆಸ್ಟ್ರೋಸ್ ಮ್ಯಾಚ್ ನೋಡುತ್ತಾನೆ. ಫೋನ್ ಮಾಡಿದರೆ ಅಪ್ಪ, ವೀಲರ್ ವಿಷಯ ಒಂದು ಬಿಟ್ಟು ಬೇರೆ ಏನಾದರೂ ಹೇಳು ಅನ್ನುತ್ತಾನೆ.

ಹಾಂ, ಕೋಚ್ ವಿಷಯ! ಅದೇ ಮುಖ್ಯ, ನೋಡು, ಮರೆತೇಬಿಟ್ಟಿದ್ದೆ. ಆರ್ಯನಿಗೆ 12 ಅಲ್ವಾ? ಮಕ್ಕಳ ಲಿಟ್ಲ್ ಲೀಗ್ ಆಡುತ್ತಾ, ಊರೂರು ಸುತ್ತಿ ಆಡುವ ಇನ್ನೊಂದು ಟ್ರಾವೆಲ್ ಟೀಮಿಗೂ ಪಿಚ್ ಮಾಡಲಿ, ಚಳಿಗಾಲವೂ ನಿಲ್ಲಿಸುವುದು ಬೇಡ, ಸ್ಪೀಡ್ ಬರುತ್ತಿದೆ, ಪಕ್ಕಕ್ಕೆ ತಿರುಗುವ ಸ್ಲೈಡರ್ ಕಲಿಸುತ್ತೇನೆ ಅಂತ ಆ ಕೋಚ್ ಹೇಳಿದ್ದಾರೆ ಅಂತ ಬರೆದಿದ್ದೀಯ. ಬೇಡ. ನೇರವಾಗಿ ಬೇಡ ಅನ್ನು.

ಲಿಟ್ಲ್ ಲೀಗ್ ನಿಯಮದಲ್ಲೇ ಇದೆ, 11-12 ವಯಸ್ಸಿಗೆ ದಿನಕ್ಕೆ 85 ಎಸೆತ, ಅದಕ್ಕಿಂತ ಜಾಸ್ತಿ ಇಲ್ಲ. 66 ಮುಟ್ಟಿದರೆ ನಾಲ್ಕು ದಿನ ರೆಸ್ಟ್. 51ರಿಂದ 65 ಆದರೆ ಮೂರು ದಿನ, 36ರಿಂದ 50ಕ್ಕೆ ಎರಡು ದಿನ, 21ರಿಂದ 35ಕ್ಕೆ ಒಂದು ದಿನ. 41 ಎಸೆದವನು ಆವತ್ತು ಕ್ಯಾಚರ್ ಆಗುವ ಹಾಗೂ ಇಲ್ಲ. ತೊಂದರೆ ಏನೆಂದರೆ ಈ ಟೀಮಿನಲ್ಲಿ ಎಸೆದದ್ದು ಆ ಟೀಮಿನ ಕೋಚ್‌ಗೆ ಗೊತ್ತಾಗುವುದಿಲ್ಲ. ಶನಿವಾರ ಅಲ್ಲಿ 60, ಭಾನುವಾರ ಇಲ್ಲಿ 60, ಇಬ್ಬರ ಪುಸ್ತಕವೂ ಸರಿಯಾಗೇ ಇರುತ್ತದೆ, ಮಗುವಿನ ಕೈ ಮಾತ್ರ ಒಂದೇ. ಲೆಕ್ಕ ನೀನೇ ಇಡಬೇಕು. ಅಳಿಯಂದಿರಿಗೆ ಹೇಳು, ಮ್ಯಾಚ್‌ನಲ್ಲಿ ಫೋನ್ ನೋಡುತ್ತಾ ನಿಲ್ಲುವ ಬದಲು ಎಸೆತ ಎಣಿಸಲಿ ಅಂತ.

ಮೇಜರ್ ಲೀಗ್‌ನವರೇ ಮಕ್ಕಳಿಗೆ ಅಂತ ಪಿಚ್ ಸ್ಮಾರ್ಟ್ ಅಂತ ಮಾಡಿದ್ದಾರೆ. ವರ್ಷದಲ್ಲಿ ನಾಲ್ಕು ತಿಂಗಳು ಎಸೆಯಲೇಬಾರದು, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಬಿಡಬೇಕು ಅನ್ನುತ್ತಾರೆ. ಆ ವಯಸ್ಸಿಗೆ ಫಾಸ್ಟ್‌ಬಾಲ್, ಚೇಂಜಪ್ ಎರಡೇ ಸಾಕು. ಸ್ಲೈಡರ್ ಮೀಸೆ ಬಂದಮೇಲೆ ಕಲಿಯಲಿ. ಸ್ಪೀಡ್ ಗನ್ ಹಿಡಿಯುವುದನ್ನು ನಿಲ್ಲಿಸಲು ಹೇಳು. 2008ರಲ್ಲಿ ಮೇಜರ್ ಲೀಗ್ ಫಾಸ್ಟ್‌ಬಾಲ್ ಸರಾಸರಿ 91.3 ಮೈಲಿ ಇತ್ತು, 2024ಕ್ಕೆ 94.2 ಆಯಿತು. ಆ ವರ್ಷ ಡಿಸೆಂಬರಿನಲ್ಲಿ ಅವರೇ ದೊಡ್ಡ ವರದಿ ಹೊರಡಿಸಿ, ಪಿಚರ್‌ಗಳ ಮೊಣಕೈ ಹೋಗುತ್ತಿರುವುದಕ್ಕೆ ಈ ಸ್ಪೀಡ್ ಹುಚ್ಚೇ ದೊಡ್ಡ ಕಾರಣ, ಅದು ಮಕ್ಕಳ ತನಕ ಇಳಿದಿದೆ ಅಂತ ಹೇಳಿದ್ದಾರೆ.

ಇನ್ನೊಂದು. ಮೊಣಕೈ ಒಳಬದಿ ನೋವು ಅಂತ ಹೇಳಿದ್ದಾನಾ? ನೀನು ಬರೆದಿಲ್ಲ, ಆದರೂ ಕೇಳು. ಮಕ್ಕಳು ಟೀಮಿನಿಂದ ತೆಗೆದುಬಿಡುತ್ತಾರೆ ಅಂತ ಮುಚ್ಚಿಡುತ್ತವೆ. ಆ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಬೆಳೆಯುವ ಜಾಗಕ್ಕೇ ಪೆಟ್ಟು ಬೀಳುತ್ತದೆ. ನೋವಿದ್ದರೆ ಆವತ್ತೇ ಎಸೆಯುವುದು ಬಂದ್, ಡಾಕ್ಟರ್‌ಗೆ ತೋರಿಸು. ಐಸ್ ಇಟ್ಟು, ಅಮೃತಾಂಜನ ಹಚ್ಚಿ ಮಾರನೇ ದಿನ ಕಳಿಸಬೇಡ. ಸಾವಿತ್ರಿ, ನೀನೂ ಕೇಳಿಸಿಕೋ, ಮೊಮ್ಮಗನಿಗೆ ಎಣ್ಣೆ ನೀವುತ್ತೇನೆ ಅಂತ ಕೂರಬೇಡ.

ಆರ್ಯ ಫಸ್ಟ್ ಬೇಸ್ ಆಡಲಿ, ಎಡಗೈಯವರಿಗೆ ಒಳ್ಳೇ ಜಾಗ, ಬ್ಯಾಟಿಂಗ್ ಮಾಡಲಿ. ನವೆಂಬರ್‌ನಿಂದ ಬಾಸ್ಕೆಟ್‌ಬಾಲ್‌ಗೆ ಹಾಕು. ಆ ಟ್ರಾವೆಲ್ ಟೀಮ್ ಕೋಚ್‌ಗೆ ಇವತ್ತೇ ಮೆಸೇಜ್ ಕಳಿಸು, ಜಗಳ ಏನೂ ಬೇಡ, ಒಂದೇ ಟೀಮಿಗೆ ಪಿಚ್ ಮಾಡುತ್ತಾನೆ ಅಂತ ಎರಡು ಸಾಲು ಸಾಕು. ಮೊದಲು ಅವನು ಕಳೆದ ಎರಡು ವಾರದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಎಸೆದ ಅಂತ ಬರೆದು ನನಗೆ ಕಳಿಸು. ಗುಂಪಿಗೆ ಹಾಕಬೇಡ, ಭಾವನವರು ನಗುತ್ತಾರೆ. ನನ್ನ ನಂಬರಿಗೇ ಹಾಕು.